ಮನೆಯೇ ಪ್ರೌಢಶಾಲೆಯಾದಾಗ

ಪುಟ್ಟ ಮಗುವಿಗೆ ಮನೆಯಲ್ಲಿ ಅಕ್ಷರ ತಿದ್ದಿಸಿದರೆ ಮೆಚ್ಚುವ ಬಂಧುಗಳೇ, 14 ವರ್ಷದ ಮಗಳನ್ನು ಮನೆಯಲ್ಲಿಯೇ ಓದಿಸುವೆವೆಂದರೆ ಹುಬ್ಬು ಗಂಟಿಕ್ಕುತ್ತಾರೆ. “ನಾಳೆ ಸರ್ಟಿಫಿಕೇಟಿಗೆ ಏನು ಗತಿ?” ಎಂಬುದೇ ಅವರ ಮೊದಲ ಪ್ರಶ್ನೆ.

ಅದಕ್ಕೆ ಉತ್ತರವುಂಟು. 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲೆಯು 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆಂಬ ಹೆಸರು ತಳೆಯಿತು. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ದಾಖಲಿಸಬಹುದು. 5 ವಿಷಯಗಳಲ್ಲಿ ತೇರ್ಗಡೆಯಾಗಲು 5 ವರ್ಷಗಳಲ್ಲಿ 9 ಅವಕಾಶಗಳುಂಟು. ಒಮ್ಮೆ ತೇರ್ಗಡೆಯಾದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ.

ನಿಜವಾದ ತೊಡಕು ದಿನಚರಿಯದು. ಗಂಟೆ ಬಾರಿಸುವವರಿಲ್ಲದ ಮನೆಯಲ್ಲಿ ‘ನಾಳೆ ನೋಡೋಣ’ ಎಂಬ ಮಾತು ಬಹುಬೇಗ ಬೇರೂರುತ್ತದೆ. ವೇಳಾಪಟ್ಟಿಯನ್ನು ತಂದೆ ಬರೆದು ಗೋಡೆಗಂಟಿಸುವುದಕ್ಕಿಂತ, ಮಗಳೇ ಬರೆದು ವಾರದ ಕೊನೆಯಲ್ಲಿ ತಾನೇ ಲೆಕ್ಕ ಒಪ್ಪಿಸುವುದು ಮೇಲು. ಹೆತ್ತವರಿಗೆ ಬಾರದ ಗಣಿತಕ್ಕೆ ಬಲ್ಲವರೊಬ್ಬರನ್ನು ಗೊತ್ತುಮಾಡುವುದರಲ್ಲಿ ಅವಮಾನವಿಲ್ಲ. ಸಮವಯಸ್ಕರ ಒಡನಾಟಕ್ಕಾಗಿ ಆಟದ ಮೈದಾನಕ್ಕೂ ಗ್ರಂಥಾಲಯಕ್ಕೂ ಸಂಗೀತದ ತರಗತಿಗೂ ಕಳುಹಿಸಲೇಬೇಕು.

ಮನೆಯೊಂದೇ ಕಲಿಸಬಲ್ಲ ಪಾಠಗಳು ಬೇರೆ ಇವೆ. ತಿಂಗಳ ಸಾಮಾನಿನ ಪಟ್ಟಿ ಬರೆದು, ಹಣ ಪಡೆದು, ಚಿಲ್ಲರೆಯ ತನಕ ಲೆಕ್ಕವಿಡುವುದು. ಬ್ಯಾಂಕಿನಲ್ಲಿ ತಾನೇ ಚಲನ್ ತುಂಬುವುದು. ಅಜ್ಜನ ಔಷಧಿಯ ವೇಳೆ ನೋಡಿಕೊಳ್ಳುವುದು. ಒಂದು ಹೊತ್ತಿನ ಅಡುಗೆ ಮಾಡುವುದು. ಇವು ಗಂಡುಮಕ್ಕಳಿಗೂ ಬೇಕಾದ ವಿದ್ಯೆಗಳೇ.

18 ತುಂಬಿದಾಗ ಮತದಾನದ ವಯಸ್ಸು ತಾನಾಗಿ ಬರುತ್ತದೆ. ಬದುಕಿನ ನಿರ್ಧಾರ ಕೈಗೊಳ್ಳುವ ಶಕ್ತಿ ತಾನಾಗಿ ಬರುವುದಿಲ್ಲ. “ನಾನು ಮತ್ತೆ ಶಾಲೆಗೇ ಹೋಗುವೆನಮ್ಮ” ಎಂದು ಮಗಳು ಹೇಳಿದರೂ ಕೇಳುವ ತಾಳ್ಮೆ ಹೆತ್ತವರಲ್ಲಿದ್ದರೆ, ಆ ಶಕ್ತಿಯ ಮೊದಲ ಪಾಠ ಅಲ್ಲಿಯೇ ಆರಂಭವಾದಂತೆ.