ಪೊರೆ ತೆಗೆಸಿದ ಮೇಲೂ ಉರಿಯುವ ಕಣ್ಣು

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರಲ್ಲಿ ಕೆಲವರು ತಿಂಗಳುಗಳು ಕಳೆದ ಮೇಲೂ ಒಂದು ಮಾತು ಹೇಳುತ್ತಿರುತ್ತಾರೆ: "ಕಾಣುವುದೇನೋ ಚೆನ್ನಾಗಿ ಕಾಣುತ್ತದೆ, ಆದರೆ ಕಣ್ಣಲ್ಲಿ ಮರಳು ಬಿದ್ದಂತಿದೆ." ಉರಿ, ಚುಚ್ಚಿದಂತಹ ನೋವು, ಸಂಜೆಯಾದೊಡನೆ ಮಬ್ಬು, ಗಾಳಿಗೆ ಹೋದರೆ ಧಾರೆಯಾಗಿ ನೀರು. ಮನೆಯವರು "ಕಣ್ಣು ಬಂತಲ್ಲ, ಇನ್ನೇನು ಬೇಕು?" ಎನ್ನುತ್ತಾರೆ. ಶಸ್ತ್ರವೈದ್ಯರು ಮಸೂರ ಸರಿಯಾಗಿ ಕುಳಿತಿದೆ ಎನ್ನುತ್ತಾರೆ. ಅವರಿಬ್ಬರ ಮಾತೂ ಸುಳ್ಳಲ್ಲ. ಹಿರಿಯರ ಸಂಕಟವೂ ಸುಳ್ಳಲ್ಲ. ದೃಷ್ಟಿ ಬರುವುದು ಬೇರೆ, ಕಣ್ಣು ನೆಮ್ಮದಿಯಾಗಿರುವುದು ಬೇರೆ. ಈ ಎರಡನ್ನು ಒಂದೇ ಎಂದು ತಿಳಿದಿರುವುದರಿಂದಲೇ ಒಣಗಣ್ಣಿನ ರೋಗಿಗಳು ತಮ್ಮ ಬಾಧೆಯನ್ನು ಒಬ್ಬರೇ ಅನುಭವಿಸುವಂತಾಗಿದೆ ಎಂಬುದು ನನ್ನ ಅಭಿಪ್ರಾಯ.

ಕಣ್ಣೀರು ಬರಿಯ ನೀರಲ್ಲ. ಕಣ್ಣಿನ ಮೇಲ್ಮೈಗೆ ಅಂಟಿಕೊಂಡಿರುವ ಲೋಳೆ, ಅದರ ಮೇಲೆ ನೀರು, ಆ ನೀರು ಆರಿಹೋಗದಂತೆ ರೆಪ್ಪೆಯಂಚಿನ ಗ್ರಂಥಿಗಳು ಸುರಿಸುವ ತೆಳುವಾದ ಎಣ್ಣೆ, ಇವೆಲ್ಲ ಸೇರಿ ಒಂದು ಲೇಪವಾಗುತ್ತದೆ. ಪ್ರತಿ ಬಾರಿ ರೆಪ್ಪೆ ಮಿಟುಕಿಸಿದಾಗಲೂ ಆ ಲೇಪ ಹೊಸದಾಗುತ್ತದೆ. ಪೊರೆ ತೆಗೆಯಲು ಕಾರ್ನಿಯಾದ ಅಂಚಿನಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಸೀಳುವಾಗ ಅಲ್ಲಿನ ಸೂಕ್ಷ್ಮ ನರಗಳು ತುಂಡಾಗುತ್ತವೆ. "ಒಣಗುತ್ತಿದೆ, ನೀರು ಕೊಡು" ಎಂದು ಕಣ್ಣೀರಿನ ಗ್ರಂಥಿಗೆ ಸುದ್ದಿ ಮುಟ್ಟಿಸುವವು ಆ ನರಗಳೇ. ಇದರ ಜೊತೆಗೆ ಚಿಕಿತ್ಸೆಯ ವೇಳೆಯ ಪ್ರಖರ ಬೆಳಕು ಮತ್ತು ಅನಂತರ ವಾರಗಟ್ಟಲೆ ಹಾಕುವ ಹನಿಗಳಲ್ಲಿನ ಸಂರಕ್ಷಕ ರಾಸಾಯನಿಕವೂ ಮೇಲ್ಮೈಯನ್ನು ಕೆರಳಿಸುತ್ತವೆ. ಹೆಚ್ಚಿನವರಲ್ಲಿ ಮೂರು ತಿಂಗಳ ಹೊತ್ತಿಗೆ ಇದು ತಗ್ಗುತ್ತದೆ. ಮೊದಲೇ ಒಣಗಣ್ಣಿದ್ದವರಲ್ಲಿ, ಮಧುಮೇಹಿಗಳಲ್ಲಿ, ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ದೀರ್ಘಕಾಲ ಉಳಿಯಬಹುದು. ಕನ್ನಡಕ ಬಿಡಲೆಂದು ಲೇಸರ್ ಚಿಕಿತ್ಸೆ ಮಾಡಿಸಿಕೊಳ್ಳುವ ತರುಣರಲ್ಲಿ ನರಗಳಿಗಾಗುವ ಪೆಟ್ಟು ಇನ್ನೂ ದೊಡ್ಡದು. "ನೀರು ಸುರಿಯುತ್ತದೆ, ಒಣಗು ಹೇಗಾದೀತು?" ಎಂದು ಅನೇಕರು ಕೇಳುವುದುಂಟು. ಲೇಪ ಹರಿದ ಕಣ್ಣು ಉರಿ ತಾಳಲಾರದೆ ಒಮ್ಮೆಲೇ ಸುರಿಸುವ ನೀರು ಅದು. ಕೆನ್ನೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ.

ನಮ್ಮ ಶಾಸ್ತ್ರಕ್ಕೆ ಇದು ಅಪರಿಚಿತವಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಎಪ್ಪತ್ತಾರು ನೇತ್ರರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಶುಷ್ಕಾಕ್ಷಿಪಾಕವೂ ಒಂದು. ರೆಪ್ಪೆ ಒರಟಾಗುವುದು, ತೆರೆಯಲು ಕಷ್ಟವಾಗುವುದು, ನೋಟ ಕದಡುವುದು ಎಂಬ ಅದರ ಲಕ್ಷಣಗಳು ಇಂದಿನ ರೋಗಿಯ ಮಾತಿಗೆ ತೀರ ಹತ್ತಿರವಾಗಿವೆ. ಪೊರೆಯಿಂದ ಬರುವ ಕುರುಡಿಗೆ ಅದೇ ಗ್ರಂಥ 'ಲಿಂಗನಾಶ' ಎನ್ನುತ್ತದೆ. ನಮ್ಮ ಭಕ್ತರ ಕಿವಿಗೆ ಆ ಪದ ಕಠೋರವಾಗಿ ಕೇಳೀತು. ಅಲ್ಲಿ ಲಿಂಗವೆಂದರೆ ನೋಡುವ ಶಕ್ತಿ. ಅದಕ್ಕೆ ಶಸ್ತ್ರಕರ್ಮವನ್ನು ವಿವರಿಸಿದ ಸುಶ್ರುತರು ಅಷ್ಟಕ್ಕೇ ನಿಲ್ಲದೆ, ಆಮೇಲೆ ರೋಗಿ ಕೆಮ್ಮಬಾರದು, ಸೀನಬಾರದು, ಉಗುಳಬಾರದು ಎಂದು ಪಥ್ಯವನ್ನೂ ಹೇಳಿದರು. ಶಸ್ತ್ರದೊಡನೆ ಚಿಕಿತ್ಸೆ ಮುಗಿಯಿತೆಂಬ ಭಾವನೆ ಅವರಿಗಿರಲಿಲ್ಲ.

ಇಷ್ಟಲಿಂಗಪೂಜೆಯ ವಿಚಾರವನ್ನು ಇಲ್ಲಿ ಹೇಳಲೇಬೇಕು. ಎಡಗೈಯಲ್ಲಿ ಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತಾಗ ಉರಿ ತಾಳಲಾಗದೆ, "ನನ್ನ ಪೂಜೆ ಕೆಟ್ಟಿತು" ಎಂದು ಕೊರಗುವ ಹಿರಿಯರಿದ್ದಾರೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದರಷ್ಟು ಬಾರಿ ರೆಪ್ಪೆ ಮಿಟುಕಿಸುತ್ತೇವೆ. ಏಕಾಗ್ರತೆಯಿಂದ ಏನನ್ನೇ ನೋಡಿದರೂ, ಅದು ಲಿಂಗವಾಗಲಿ, ವಚನದ ಪುಸ್ತಕವಾಗಲಿ, ಮೊಬೈಲಾಗಲಿ, ಈ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಆರೋಗ್ಯವಂತ ಕಣ್ಣು ಅದನ್ನು ಸಹಿಸೀತು. ಒಣಗಿದ ಕಣ್ಣು ಸಹಿಸದು. ಅನಿಮಿಷಯ್ಯನ ಕಥೆ ಕೇಳಿ ಬೆಳೆದವರಿಗೆ ರೆಪ್ಪೆ ಮಿಟುಕಿಸುವುದು ಭಂಗವೆನಿಸುವುದು ಸಹಜ. ವೈದ್ಯನಾಗಿ ನಾನು ಹೇಳುವುದಿಷ್ಟೆ: ಮಿಟುಕಿಸಿರಿ. ಹಸ್ತವನ್ನು ಕಣ್ಣಿನ ಮಟ್ಟಕ್ಕೆ ಎತ್ತದೆ ಎದೆಯ ಮಟ್ಟದಲ್ಲಿರಿಸಿ ಅರೆಗಣ್ಣಿನಿಂದ ನೋಡಿದರೆ ಕಣ್ಣಿನ ತೆರೆದ ಭಾಗ ಕಡಿಮೆಯಾಗಿ ಆರುವುದು ತಗ್ಗುತ್ತದೆ. ಕೆಲವು ಕ್ಷಣ ನೋಡಿ, ಕೆಲವು ಕ್ಷಣ ಕಣ್ಣು ಮುಚ್ಚಿ ಒಳಗೆ ಅದೇ ರೂಪವನ್ನು ಕಾಣಬಹುದು. ಪೂಜೆಗೆ ಕಾಲು ಗಂಟೆ ಮುಂಚೆ ಕಣ್ಣೀರಿನ ಹನಿ ಹಾಕಿಕೊಳ್ಳಬಹುದು. ವಿಭೂತಿಯನ್ನು ಒಣಪುಡಿಯಾಗಿ ಉದುರಿಸಿಕೊಳ್ಳದೆ ನೀರಿನಲ್ಲಿ ಕಲಸಿ ಧರಿಸಿದರೆ ಅದರ ಕಣ ಕಣ್ಣಿಗೆ ಬೀಳದು. ವಿಭೂತಿ ಮುಟ್ಟಿದ ಕೈಯನ್ನು ತೊಳೆಯದೆ ಔಷಧಿಯ ಸೀಸೆ ಹಿಡಿಯಬೇಡಿರಿ. ಧೂಪ, ಕರ್ಪೂರ, ಊದುಬತ್ತಿಯ ಹೊಗೆ ಮುಖಕ್ಕೆ ನೇರವಾಗಿ ಬಾರದಿರಲಿ. ನೆತ್ತಿಯ ಮೇಲೆ ತಿರುಗುವ ಫ್ಯಾನಿಗೂ ಇದೇ ಮಾತು.

ಈಗ ನನ್ನ ವೃತ್ತಿಬಾಂಧವರಿಗೆ ರುಚಿಸದ ಮಾತು. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ಹೂವಿನ ರಸ ಹಾಕುವ ರೂಢಿ ನಿಲ್ಲಬೇಕು. ಅಡುಗೆಮನೆಯಲ್ಲಿ ಶುದ್ಧವಾದುದು ಕಣ್ಣಿಗೆ ಶುದ್ಧವಲ್ಲ. ಅದರೊಳಗಿನ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಕಾರ್ನಿಯಾದಲ್ಲಿ ಹುಣ್ಣು ಮಾಡಿದರೆ ಬಂದ ದೃಷ್ಟಿಯೂ ಹೋದೀತು. ತುಪ್ಪದ ನೇತ್ರತರ್ಪಣವು ಒಣಗಿಗೆ ಹೇಳಿದ ಚಿಕಿತ್ಸೆಯೇ ಸರಿ. ಆದರೆ ಗಾಯ ಪೂರ್ತಿ ಮಾಯ್ದ ಮೇಲೆ, ನೇತ್ರತಜ್ಞರು ಒಪ್ಪಿದ ಮೇಲೆ, ಶುಚಿಯಾದ ಆಸ್ಪತ್ರೆಯಲ್ಲಿ ಮಾತ್ರ. ಒಂದು ಮಂಡಲದಲ್ಲಿ ಒಣಗಣ್ಣು ಪೂರ್ತಿ ವಾಸಿ ಎಂದು ಜಾಹೀರಾತು ಕೊಡುವವರನ್ನು, ಅವರು ಯಾವ ಪದ್ಧತಿಯವರೇ ಆಗಲಿ, ನಂಬಬೇಡಿರಿ.

ಬಾಳಿಸಿಕೊಂಡು ಹೋಗುವ ದಾರಿ ಸರಳ, ಆದರೆ ದಿನವೂ ಬೇಕು. ಕೃತಕ ಕಣ್ಣೀರಿನ ಹನಿಯನ್ನು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕಬೇಕಾದರೆ ಸಂರಕ್ಷಕವಿಲ್ಲದ ಬಗೆಯನ್ನು ಕೇಳಿ ಪಡೆಯಿರಿ. ಬೆಲೆ ಹೆಚ್ಚು, ಆದರೆ ಕಣ್ಣು ಕೆರಳುವುದಿಲ್ಲ. ಗಾಯ ಮಾಯ್ದಿದೆಯೆಂದು ವೈದ್ಯರು ಹೇಳಿದ ಮೇಲೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಹಿತವಾದ ಬಿಸಿಯಲ್ಲಿ ಮುಚ್ಚಿದ ಕಣ್ಣಿನ ಮೇಲೆ ಐದು ಹತ್ತು ನಿಮಿಷ ಇಟ್ಟರೆ ರೆಪ್ಪೆಯಂಚಿನ ಎಣ್ಣೆ ಕರಗಿ ಹರಿಯುತ್ತದೆ. ಸುಗ್ಗಿಯ ಕಣದಲ್ಲಿ ಜೋಳ ತೂರುವಾಗ, ಬೇಸಿಗೆಯ ಬಿಸಿಗಾಳಿಯಲ್ಲಿ ನಡೆಯುವಾಗ ಪಕ್ಕ ಮುಚ್ಚುವ ಕನ್ನಡಕ ಧರಿಸಿರಿ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಕಣ್ಣನ್ನು ಇನ್ನಷ್ಟು ಒಣಗಿಸುತ್ತವೆ, ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿರಿ. ಉರಿ ತಣಿಯಿತೆಂದು ಔಷಧಿ ಅಂಗಡಿಯಿಂದ ಸ್ಟಿರಾಯ್ಡ್ ಹನಿಯನ್ನು ನೀವೇ ಮತ್ತೆ ಮತ್ತೆ ತರಬಾರದು; ಅದರಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಒಮ್ಮೆಲೇ ನೋವು, ಕೆಂಪು, ಕೀವು, ದೃಷ್ಟಿ ಕುಂದುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಪೊರೆ ತೆಗೆದ ನಾಡು ನಮ್ಮದು. ಮಠಗಳು ಇಂದಿಗೂ ಆ ಸೇವೆಯನ್ನು ನಡೆಸುತ್ತಿವೆ, ಅದು ಸಣ್ಣ ಕಾರ್ಯವಲ್ಲ. ಆದರೆ ಎಷ್ಟು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾಯಿತು ಎಂಬ ಲೆಕ್ಕದೊಡನೆ ಶಿಬಿರ ಮುಗಿಯಬಾರದು. ಚಿಕಿತ್ಸೆಗೆ ಮುನ್ನ ಕಣ್ಣೀರಿನ ಪರೀಕ್ಷೆ ಆಗಬೇಕು. ಒಣಗಿದ ಕಣ್ಣಿನಲ್ಲಿ ತೆಗೆದ ಮಸೂರದ ಅಳತೆಯೂ ತಪ್ಪಬಹುದು. ಮೂರು ತಿಂಗಳ ಮೇಲೆ ಒಂದು ದಿನ ಅದೇ ಹಿರಿಯರನ್ನು ಮತ್ತೆ ಕರೆಸಬೇಕು. ಉರಿಯ ಭಯದಿಂದ ಎರಡನೆಯ ಕಣ್ಣನ್ನು ಹಾಗೆಯೇ ಬಿಟ್ಟವರು ಎಷ್ಟು ಮಂದಿಯೆಂಬುದು ಆ ದಿನ ಕೇಳಿದರೆ ತಿಳಿಯುತ್ತದೆ. ಬರುವ ಶಿಬಿರದ ಕರಪತ್ರದಲ್ಲಿಯೇ ಆ ಎರಡನೆಯ ದಿನಾಂಕವನ್ನೂ ಅಚ್ಚುಮಾಡಿಸಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿಸುತ್ತೇನೆ.