ಕ್ಯಾಶ್‌ಬ್ಯಾಕ್ ಯಾರ ಜೇಬಿನಿಂದ ಬರುತ್ತದೆ?

ತಲೆಯ ಮೇಲೊಂದು ಸ್ವಂತ ಸೂರು ಬೇಕೆಂಬುದು ಎಲ್ಲರ ಆಸೆ. ಪಟ್ಟಣಗಳಲ್ಲಿ ನೆಲೆಸಿರುವ ಮುಸ್ಲಿಮ್ ಕುಟುಂಬಗಳ ಪಾಲಿಗೆ ಅದು ಆಸೆ ಮಾತ್ರವಲ್ಲ, ಅನಿವಾರ್ಯತೆ ಕೂಡ. ಬಾಡಿಗೆ ಮನೆ ವಿಚಾರಿಸಲು ಹೋಗಿ, ಹೆಸರು ಹೇಳಿದೊಡನೆ ‘ಮನೆ ಬೇರೆಯವರಿಗೆ ಆಗಿಹೋಯಿತು’ ಎಂಬ ಉತ್ತರ ಪಡೆದು ಮರಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಹೀಗಾಗಿ ಉಳಿತಾಯ, ಗಲ್ಫಿನ ದುಡಿಮೆ, ಮಡದಿಯ ಒಡವೆ ಎಲ್ಲವನ್ನೂ ಒಟ್ಟುಗೂಡಿಸಿಯೂ ಸಾಲದಾದಾಗ ಬ್ಯಾಂಕಿನ ಗೃಹಸಾಲಕ್ಕೆ ಅರ್ಜಿ ಹಾಕುವವರು ಇದ್ದಾರೆ.

ಸರಿಯಾಗಿ ಇದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲಿನಿಂದ ಕ್ರೆಡಿಟ್ ಕಾರ್ಡ್ ಮನೆಯೊಳಗೆ ಪ್ರವೇಶಿಸುತ್ತದೆ. ಟೈಲ್ಸ್, ಫ್ಯಾನು, ನೀರಿನ ಪಂಪು, ಫ್ರಿಜ್ಜು ಹೇಗಿದ್ದರೂ ಖರೀದಿಸಲೇಬೇಕು. ಕಾರ್ಡಿನಲ್ಲಿ ಖರೀದಿಸಿದರೆ ಶೇಕಡಾ ಒಂದೋ ಎರಡೋ ಮರಳಿ ಸಿಗುತ್ತದೆಂಬ ಆಮಿಷ. ಯಾವ ಕಾರ್ಡಿನಲ್ಲಿ ಹೆಚ್ಚು ಕ್ಯಾಶ್‌ಬ್ಯಾಕ್ ಸಿಗುತ್ತದೆಂದು ಮಸೀದಿಯ ಅಂಗಳದಲ್ಲೂ ಚರ್ಚೆ ನಡೆಯುತ್ತದೆ. ‘ಗಡುವಿನೊಳಗೆ ಪೂರ್ತಿ ಹಣ ಕಟ್ಟುತ್ತೇನೆ. ನಾನು ಬಡ್ಡಿ ಕೊಡುವುದಿಲ್ಲ, ಬ್ಯಾಂಕೇ ನನಗೆ ಹಣ ಕೊಡುತ್ತದೆ. ಇದರಲ್ಲಿ ತಪ್ಪೇನು?’ ಎಂಬುದು ನಮ್ಮ ವಿದ್ಯಾವಂತ ಯುವಕರ ವಾದ.

ಈ ವಾದವನ್ನು ತಳ್ಳಿಹಾಕುವ ಮುನ್ನ ಒಂದು ಪ್ರಶ್ನೆ ಕೇಳೋಣ. ಬ್ಯಾಂಕು ಕೊಡುವ ಆ ಹಣ ಯಾರದು?

ಬ್ಯಾಂಕು ಧರ್ಮಛತ್ರವಲ್ಲ. ಗ್ರಾಹಕನು ನೂರು ರೂಪಾಯಿಯ ಸರಕಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವನ ಕೈಗೆ ನೂರು ರೂಪಾಯಿ ಪೂರ್ತಿ ಬರುವುದಿಲ್ಲ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ರೂಪಾಯಿಯಷ್ಟು ಶುಲ್ಕವಾಗಿ ಕಡಿತವಾಗುತ್ತದೆ. ಕ್ಯಾಶ್‌ಬ್ಯಾಕಿನ ಒಂದು ಭಾಗ ಅಲ್ಲಿಂದ ಬರುತ್ತದೆ. ಬಟ್ಟೆ, ಚಪ್ಪಲಿ, ಮೊಬೈಲು ಮಾರಿ ಬದುಕುವ ಸಣ್ಣ ವರ್ತಕರು ನಮ್ಮ ಸಮುದಾಯದಲ್ಲಿ ಎಷ್ಟಿದ್ದಾರೆಂದು ಹೇಳಬೇಕಾಗಿಲ್ಲ.

ಇನ್ನೊಂದು ಮೂಲ ಇದಕ್ಕಿಂತಲೂ ಕಹಿಯಾದುದು. ಗಡುವಿನೊಳಗೆ ಕಟ್ಟಲಾಗದೆ ‘ಕನಿಷ್ಠ ಮೊತ್ತ’ವನ್ನು ಮಾತ್ರ ಕಟ್ಟಿ ನಿಟ್ಟುಸಿರು ಬಿಡುವವನಿಂದ ತಿಂಗಳಿಗೆ ಸುಮಾರು ಶೇಕಡಾ 3ರಿಂದ 3.75ರಷ್ಟು, ಅಂದರೆ ವರ್ಷಕ್ಕೆ ಶೇಕಡಾ 36ರಿಂದ 45ರಷ್ಟು ಬಡ್ಡಿ ವಸೂಲಾಗುತ್ತದೆ. ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಬಾಕಿ ಉಳಿದರೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಇಲ್ಲವಾಗುತ್ತದೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ನೀಡಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಊರಿನ ಲೇವಾದೇವಿಯವನು ನೂರಕ್ಕೆ ಮೂರು ರೂಪಾಯಿ ಬಡ್ಡಿ ಕೇಳಿದರೆ ರಕ್ತ ಹೀರುವವನೆಂದು ಶಪಿಸುವ ನಾವು, ಅದೇ ದರವನ್ನು ಹೊಳೆಯುವ ಪ್ಲಾಸ್ಟಿಕ್ ತುಂಡಿನ ಮೇಲೆ ಬರೆದುಕೊಟ್ಟರೆ ಗೌರವದ ಸಂಕೇತವೆಂದು ಜೇಬಿನಲ್ಲಿಟ್ಟುಕೊಳ್ಳುತ್ತೇವೆ!

ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದೂ, ಮನ್ನಾ ಮಾಡುವುದು ಇನ್ನೂ ಉತ್ತಮವೆಂದೂ ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲಿ ಬೋಧಿಸುತ್ತದೆ. ಕಾರ್ಡಿನ ವ್ಯವಸ್ಥೆ ಇದಕ್ಕೆ ನೇರ ವಿರುದ್ಧ. ಅಲ್ಲಿ ಕಷ್ಟದಲ್ಲಿರುವವನು ದಂಡ ತೆರುತ್ತಾನೆ, ಅನುಕೂಲಸ್ಥನು ಉಡುಗೊರೆ ಪಡೆಯುತ್ತಾನೆ.

ಕಾರ್ಡಿನ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಬಡ್ಡಿಯ ಷರತ್ತಿರುವ ಕ್ರೆಡಿಟ್ ಕಾರ್ಡನ್ನು, ಗಡುವಿನೊಳಗೆ ಕಟ್ಟುವ ಸಂಕಲ್ಪವಿದ್ದರೂ, ಬಳಸಬಾರದೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ದಲ್ಲಿ ರಿಯಾದ್‌ನಲ್ಲಿ ನಿರ್ಣಯಿಸಿತು. ಅಗತ್ಯವಿರುವವರು ಬಡ್ಡಿ ತಗಲದಂತೆ ಎಚ್ಚರ ವಹಿಸಿ ಬಳಸಬಹುದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಈ ಲೇಖನ ಫತ್ವಾ ಅಲ್ಲ. ಆದರೆ ಅಗತ್ಯಕ್ಕಾಗಿ ನೀಡಲಾದ ಸಡಿಲಿಕೆಯನ್ನು ನೂರಿನ್ನೂರು ರೂಪಾಯಿಯ ಆಸೆಗೆ ವಿಸ್ತರಿಸುವುದು ಎಷ್ಟು ಸರಿಯೆಂದು ಪ್ರತಿಯೊಬ್ಬನೂ ತನ್ನ ಅಂತಃಸಾಕ್ಷಿಯನ್ನೇ ಕೇಳಿಕೊಳ್ಳಬೇಕು.

ಧಾರ್ಮಿಕ ಕಾಳಜಿಯನ್ನು ಬದಿಗಿಟ್ಟು ಕೇವಲ ಲೆಕ್ಕಾಚಾರದಿಂದ ನೋಡಿದರೂ, ಗೃಹಸಾಲದ ಅರ್ಜಿ ಹಾಕಿರುವಾಗ ಹೊಸ ಕಾರ್ಡ್ ಪಡೆಯುವುದು ಜಾಣತನವಲ್ಲ. ಪ್ರತಿಯೊಬ್ಬ ಸಾಲಗಾರನ ಜಾತಕ ಸಿಬಿಲ್‌ನಂತಹ ಸಂಸ್ಥೆಗಳ ಬಳಿಯಿದೆ. 300ರಿಂದ 900ರ ನಡುವಿನ ಒಂದು ಅಂಕಿ ಅವನ ಯೋಗ್ಯತೆಯನ್ನು ನಿರ್ಧರಿಸುತ್ತದೆ. ಕಾರ್ಡಿಗೆ ಹಾಕಿದ ಪ್ರತಿಯೊಂದು ಅರ್ಜಿಯೂ ಅಲ್ಲಿ ದಾಖಲಾಗುತ್ತದೆ. ಅಲ್ಪಾವಧಿಯಲ್ಲಿ ಮೂರ್ನಾಲ್ಕು ಅರ್ಜಿ ಕಂಡರೆ ಈತ ಹಣಕ್ಕಾಗಿ ಪರದಾಡುತ್ತಿದ್ದಾನೆಂದು ಬ್ಯಾಂಕು ಭಾವಿಸುತ್ತದೆ. ಕಾರ್ಡಿನ ಬಾಕಿ ಮತ್ತು ಕಂತುಗಳನ್ನು ಆದಾಯದಿಂದ ಕಳೆದ ಬಳಿಕವೇ ಮನೆಯ ಕಂತು ಕಟ್ಟುವ ಶಕ್ತಿಯನ್ನು ಅಳೆಯಲಾಗುತ್ತದೆ. ಅಂಕ ಕುಸಿದರೆ ಸಾಲದ ಮೊತ್ತ ಕಡಿಮೆಯಾಗಬಹುದು, ಬಡ್ಡಿದರ ಏರಬಹುದು, ಅರ್ಜಿಯೇ ತಿರಸ್ಕೃತವಾಗಬಹುದು.

ಒಂದು ಸಣ್ಣ ಲೆಕ್ಕ ನೋಡಿ. 30 ಲಕ್ಷ ರೂಪಾಯಿಯ, 20 ವರ್ಷದ ಸಾಲಕ್ಕೆ ಶೇಕಡಾ 8.5 ದರವಾದರೆ ಮಾಸಿಕ ಕಂತು ಸುಮಾರು 26,035 ರೂಪಾಯಿ. ಅಂಕ ಕುಸಿದು ದರ ಕಾಲು ಶೇಕಡಾ ಹೆಚ್ಚಾದರೆ ಅದು ಸುಮಾರು 26,511 ಆಗುತ್ತದೆ. ತಿಂಗಳಿಗೆ 476 ರೂಪಾಯಿಯ ಈ ವ್ಯತ್ಯಾಸ 20 ವರ್ಷಗಳಲ್ಲಿ ಒಂದು ಲಕ್ಷದ ಹದಿನಾಲ್ಕು ಸಾವಿರವನ್ನು ದಾಟುತ್ತದೆ. ತಿಂಗಳಿಗೆ 20 ಸಾವಿರ ರೂಪಾಯಿಯ ಖರೀದಿಗೆ ಶೇಕಡಾ ಒಂದರಂತೆ ದೊರೆಯುವ ಕ್ಯಾಶ್‌ಬ್ಯಾಕ್ ಎಷ್ಟು? ಕೇವಲ 200 ರೂಪಾಯಿ. ಇನ್ನೂರು ಗಳಿಸಲು ಹೋಗಿ ಐನೂರರ ಹತ್ತಿರ ಕಳಕೊಳ್ಳುವುದನ್ನು ಲಾಭವೆಂದು ಯಾವ ವ್ಯಾಪಾರಿಯೂ ಕರೆಯಲಾರ.

ಆದ್ದರಿಂದ ಮನೆಯ ಸಾಲ ಮಂಜೂರಾಗಿ ಹಣ ಕೈಸೇರುವವರೆಗೆ ಹೊಸ ಕಾರ್ಡ್ ಬೇಡ, ಕಂತಿನ ಖರೀದಿಯೂ ಬೇಡ. ಈಗಾಗಲೇ ಕಾರ್ಡ್ ಇದ್ದರೆ ಅವಸರದಿಂದ ರದ್ದುಪಡಿಸಬೇಕಾಗಿಲ್ಲ, ಅದರ ಬಾಕಿಯನ್ನು ಪೂರ್ತಿ ತೀರಿಸಿಬಿಡಿ. ಅರ್ಜಿಗೆ ಕೆಲವು ತಿಂಗಳು ಮುನ್ನ ನಿಮ್ಮ ಸಾಲದ ವರದಿಯನ್ನು ತರಿಸಿ ನೋಡಿ. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ, ಸ್ವತಃ ನೋಡಿದರೆ ಅಂಕ ಕುಸಿಯುವುದಿಲ್ಲ. ಬ್ಯಾಂಕು ಮನೆಯ ಪೂರ್ಣ ಬೆಲೆಗೆ ಸಾಲ ನೀಡುವುದಿಲ್ಲ. ಉಳಿದ ಪಾಲನ್ನು ಕಾರ್ಡಿನಿಂದ ತುಂಬಿಸುವ ಸಾಹಸಕ್ಕಂತೂ ಕೈಹಾಕಲೇಬೇಡಿ.

ಇಲ್ಲಿ ಒಂದು ಆಕ್ಷೇಪ ಸಹಜ. ‘ಗೃಹಸಾಲವೇ ಬಡ್ಡಿಯದ್ದಾಗಿರುವಾಗ ಕ್ಯಾಶ್‌ಬ್ಯಾಕಿನ ಬಗ್ಗೆ ಈ ಪರಿಯ ಚರ್ಚೆಯೇಕೆ?’ ಪ್ರಶ್ನೆ ನ್ಯಾಯವಾದುದೇ. ಆದರೆ ಅದನ್ನು ಮನೆ ಕಟ್ಟುವ ಬಡಪಾಯಿಗೆ ಮಾತ್ರ ಕೇಳಿದರೆ ಸಾಲದು, ಸರಕಾರಕ್ಕೂ ಸಮುದಾಯದ ನಾಯಕತ್ವಕ್ಕೂ ಕೇಳಬೇಕು. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಸಾಲ ನೀಡಲು ತಕ್ಕುದಲ್ಲದ ವಲಯಗಳೆಂದು ಗುರುತಿಸಿರುವುದನ್ನು 2006ರ ಸಾಚಾರ್ ವರದಿ ದಾಖಲಿಸಿತು. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತು. ಆ ಪ್ರಸ್ತಾಪವನ್ನು ಮುಂದುವರಿಸದಿರಲು ನಿರ್ಧರಿಸಿರುವುದಾಗಿ ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿತು. ಎಲ್ಲ ನಾಗರಿಕರಿಗೂ ಬ್ಯಾಂಕಿಂಗ್ ಸೇವೆ ಸಮಾನವಾಗಿ ಲಭ್ಯವಿದೆಯೆಂಬುದು ಅದು ನೀಡಿದ ಕಾರಣ. ಬಡ್ಡಿಯಿಂದ ದೂರವಿರಬಯಸುವ ನಾಗರಿಕನಿಗೆ ಈ ಸಮಾನತೆಯಿಂದ ದೊರೆತುದೇನು?

ಇನ್ನು ನಮ್ಮೊಳಗಿನ ಕಥೆ. ಹಲಾಲ್ ಲಾಭದ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿದ ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರಲ್ಲಿ ಕುಸಿದಾಗ, ಮನೆಗೆಂದು ಕೂಡಿಟ್ಟ, ಮಗಳ ಮದುವೆಗೆಂದು ತೆಗೆದಿರಿಸಿದ ಹಣ ಕಳಕೊಂಡು ಬೀದಿಯಲ್ಲಿ ಅತ್ತವರು ಸಾವಿರಾರು. ಅರಬಿ ಪದವೊಂದನ್ನು ಫಲಕದ ಮೇಲೆ ಬರೆದ ಮಾತ್ರಕ್ಕೆ ವ್ಯವಹಾರ ಶುದ್ಧವಾಗುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ವಿಧಿಸುವ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೆಂಬುದನ್ನು ನಾವು ಮರೆತೆವು.

ಪ್ರತಿ ಜಮಾಅತ್‌ನಲ್ಲೂ ಕಾನೂನುಬದ್ಧವಾಗಿ ನೋಂದಾಯಿತವಾದ, ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆಗೊಳಪಡುವ, ಬಡ್ಡಿರಹಿತ ಸಾಲನಿಧಿಯೊಂದು ಏಕೆ ಇರಬಾರದು? ಅದು ಇಡೀ ಮನೆಯ ವೆಚ್ಚವನ್ನು ಭರಿಸಲಾರದು, ನಿಜ. ಆದರೆ ನೋಂದಣಿಯ ಖರ್ಚಿಗೋ ಛಾವಣಿಯ ಕೆಲಸಕ್ಕೋ ಕೊರತೆಯಾದ ಒಂದೆರಡು ಲಕ್ಷ ರೂಪಾಯಿಯನ್ನು ನೀಡಬಲ್ಲದು. ಕೈಸಾಲಕ್ಕಾಗಿ ಕಾರ್ಡಿನ ಮೊರೆ ಹೋಗುವವನನ್ನು ತಡೆಯಬಲ್ಲದು. ಮಸೀದಿಯ ಮಿನಾರಕ್ಕೆ ಲಕ್ಷಗಟ್ಟಲೆ ಸಂಗ್ರಹಿಸಬಲ್ಲ ಸಮುದಾಯಕ್ಕೆ ಇದು ಅಸಾಧ್ಯವೇ? ಬಡ್ಡಿಯ ವಿರುದ್ಧದ ಖುತ್ಬಾಗಳು ಅಗತ್ಯ. ಅವುಗಳ ಬೆನ್ನಿಗೆ ಇಂತಹ ನಿಧಿಗಳೂ ಇದ್ದರೆ ಮಾತ್ರ ಕೇಳಿಸಿಕೊಂಡವನಿಗೆ ಪಾಲಿಸುವ ದಾರಿ ತೆರೆದುಕೊಳ್ಳುತ್ತದೆ.