ಇಕಾಮ ಮುಗಿದ ಮೇಲೆ ನಮ್ಮವರಿಗೆ ಆಸ್ಪತ್ರೆ ಎಲ್ಲಿ?

ಗಲ್ಫ್‌ನಿಂದ ಯಾರಾದರೂ ಊರಿಗೆ ಬಂದರೆ ನಮ್ಮ ಮನೆಗಳಲ್ಲಿ ಸಲಾಂ ಆದ ಮೇಲೆ ಕೇಳುವ ಮೊದಲ ಪ್ರಶ್ನೆ ಒಂದೇ: "ರಜೆಯಾ, ಕ್ಯಾನ್ಸಲಾ?" ರಜೆ ಅಂದರೆ ಮಾತು ಮುಂದುವರಿಯುತ್ತದೆ. ಕ್ಯಾನ್ಸಲ್ ಅಂದರೆ ಅಲ್ಲಿಗೇ ನಿಲ್ಲುತ್ತದೆ. ಇಪ್ಪತ್ತೈದು, ಮೂವತ್ತು ವರ್ಷ ದುಡಿದು ಬಂದವರ ಮುಂದಿನ ಇಪ್ಪತ್ತು ವರ್ಷ ಹೇಗೆ ಎಂದು ನಾವು ಒಂದು ಸಮುದಾಯವಾಗಿ ಕೂತು ಮಾತಾಡಿದ್ದು ಕಡಿಮೆ. ಮಸೀದಿ, ಮದ್ರಸ, ಮದುವೆ, ಮನೆ ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ಮುಪ್ಪಿನ ಬಗ್ಗೆ, ಆ ಮುಪ್ಪಿನಲ್ಲಿ ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ ಎಂಬುದರ ಬಗ್ಗೆ ಮಾತಾಡಿಲ್ಲ.

ಮೊದಲು ಅಲ್ಲಿನ ವಿಷಯ. ಗಲ್ಫ್‌ನಲ್ಲಿ ವಾಸದ ಹಕ್ಕು ಎಂಬುದು ಕೆಲಸಕ್ಕೆ ಗಂಟು ಹಾಕಿದ್ದು. ಕೆಲಸ ಇದ್ದರೆ ಇಕಾಮ, ಕೆಲಸ ಹೋದರೆ ಇಕಾಮವೂ ಹೋಯಿತು. ಅಂಗಡಿಯಲ್ಲಿ, ಹೋಟೆಲಿನಲ್ಲಿ, ಕಾರು ಓಡಿಸಿ ಮೂವತ್ತು ವರ್ಷ ಕಳೆದರೂ "ಇನ್ನು ಇಲ್ಲೇ ಇರುತ್ತೇನೆ" ಎಂದು ಹೇಳುವ ಹಕ್ಕು ಹುಟ್ಟುವುದಿಲ್ಲ. ಕುವೈತಿನಲ್ಲಿ 60 ದಾಟಿದ, ವಿಶ್ವವಿದ್ಯಾಲಯದ ಪದವಿ ಇಲ್ಲದ ವಿದೇಶಿಯರ ಕೆಲಸದ ಪರ್ಮಿಟ್ ನವೀಕರಿಸುವುದಿಲ್ಲ ಎಂಬ ನಿಯಮ 2021ರ ಆರಂಭದಿಂದ ಬಂತು. 2022ರಲ್ಲಿ ಅದನ್ನು ಬದಲಿಸಿ, ವರ್ಷಕ್ಕೆ 250 ದಿನಾರ್ ಶುಲ್ಕ ಕಟ್ಟಿ ಖಾಸಗಿ ಆರೋಗ್ಯ ವಿಮೆಯನ್ನೂ ಮಾಡಿಸಿದರೆ ನವೀಕರಿಸಬಹುದು ಎಂದರು. ಸೌದಿಯಲ್ಲಿ 2017ರ ಜುಲೈಯಿಂದ ಜೊತೆಗಿರುವ ಕುಟುಂಬದ ಪ್ರತಿಯೊಬ್ಬರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷದಿಂದ ವರ್ಷಕ್ಕೆ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಬ್ಬರೇ ಉಳಿದವರು ನಮ್ಮ ಪ್ರತಿ ಜಮಾಅತ್‌ನಲ್ಲೂ ಸಿಗುತ್ತಾರೆ.

"ಈಗ ನಿವೃತ್ತರಿಗೂ ವೀಸಾ ಕೊಡುತ್ತಾರಂತಲ್ಲ?" ಎಂದು ಕೇಳುವವರಿದ್ದಾರೆ. ಹೌದು, ಯುಎಇಯಲ್ಲಿ 55 ದಾಟಿದ ನಿವೃತ್ತರಿಗೆ ಐದು ವರ್ಷದ ವೀಸಾ ಇದೆ. ಷರತ್ತು ಏನು ಗೊತ್ತೇ? 10 ಲಕ್ಷ ದಿರ್ಹಮ್ ಬೆಲೆಯ ಆಸ್ತಿ, ಇಲ್ಲವೇ ಅಷ್ಟೇ ಮೊತ್ತದ ಉಳಿತಾಯ, ಇಲ್ಲವೇ ತಿಂಗಳಿಗೆ 20 ಸಾವಿರ ದಿರ್ಹಮ್ (ದುಬೈಯಲ್ಲಿ 15 ಸಾವಿರ) ಆದಾಯ ಇರಬೇಕು. ಹತ್ತು ಲಕ್ಷ ದಿರ್ಹಮ್ ಅಂದರೆ ಎರಡು ಕೋಟಿ ರೂಪಾಯಿಗೂ ಮೇಲೆ. ಸೌದಿಯಲ್ಲಿ 2019ರಲ್ಲಿ ಬಂದ ಪ್ರೀಮಿಯಂ ರೆಸಿಡೆನ್ಸಿಯ ಶಾಶ್ವತ ಕಾರ್ಡಿಗೆ 8 ಲಕ್ಷ ರಿಯಾಲ್. ಇದು ದೊಡ್ಡ ಉದ್ಯಮಿಗಳ ಬಾಗಿಲು. ಬಕಾಲದಲ್ಲಿ ನಿಂತು ಕಾಲು ಬಾತುಕೊಂಡವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಇಕಾಮದ ಜೊತೆಗೇ ಹೋಗುವ ಇನ್ನೊಂದು ವಸ್ತು ಆರೋಗ್ಯ ವಿಮೆ. ಅಬುಧಾಬಿ, ದುಬೈಗಳಲ್ಲಿ ಮೊದಲಿನಿಂದ ಇದ್ದ ಕಡ್ಡಾಯ ಆರೋಗ್ಯ ವಿಮೆ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಿಗೂ ಬಂದಿದೆ. ಒಳ್ಳೆಯದೇ. ಆದರೆ ಅದು ಕಂಪೆನಿ ಕೊಡುವ ವಿಮೆ. ವೀಸಾ ಕ್ಯಾನ್ಸಲ್ ಆದಾಗ ಅದೂ ಮುಗಿಯುತ್ತದೆ. ಭಾರತ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತರೆ ಅಥವಾ ಅಂಗ ಊನವಾದರೆ 10 ಲಕ್ಷ ಸಿಗುತ್ತದೆ. ಅದೂ ದುಡಿಯುವ ಕಾಲದ ರಕ್ಷಣೆ, ಮುಪ್ಪಿನದ್ದಲ್ಲ. ಜರ್ಮನಿ, ಫ್ರಾನ್ಸ್, ಬೆಲ್ಜಿಯಂನಂಥ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. ನಮ್ಮವರು ಹೆಚ್ಚು ಇರುವ ಗಲ್ಫ್ ದೇಶಗಳ ಜೊತೆ ಇಲ್ಲ.

ಹಾಗಾದರೆ ಕೈಗೆ ಬರುವುದು ಏನು? ಸರ್ವಿಸ್ ಹಣ. ಯುಎಇ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. 1,500 ದಿರ್ಹಮ್ ಮೂಲ ಸಂಬಳದಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಲೆಕ್ಕ ಹಾಕಿದರೆ 27,750 ದಿರ್ಹಮ್, ಅಂದರೆ ಆರೇಳು ಲಕ್ಷ ರೂಪಾಯಿ. ಒಂದು ಬೈಪಾಸ್ ಆಪರೇಷನ್, ಮೇಲೆ ಒಂದೆರಡು ವರ್ಷದ ಡಯಾಲಿಸಿಸ್ ಬಂತೆಂದರೆ ಇಪ್ಪತ್ತು ವರ್ಷದ ಬೆವರು ಅಲ್ಲಿಗೆ ಮುಗಿಯಿತು.

ಇನ್ನು ಊರಿನ ವಿಷಯ. ಊರಿಗೆ ಬಂದವರಿಗೆ ಇಲ್ಲಿ ಹಕ್ಕು ಇದ್ದೇ ಇದೆ ಎಂದು ನಾವು ತಿಳಿದಿರುತ್ತೇವೆ. ಹಕ್ಕು ಇದೆ, ಕಾಗದ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನನ ಹೆಸರೇ ಇಲ್ಲದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? "ಅವರು ಅಲ್ಲಿದ್ದಾರಲ್ಲ, ಹೆಸರು ಯಾಕೆ" ಎಂದು ಬಿಟ್ಟದ್ದು, ಹೆಬ್ಬೆಟ್ಟು ಕೊಡಲು ಊರಲ್ಲಿ ಇಲ್ಲದೆ ಬಿಟ್ಟುಹೋದದ್ದು, ಬಂದ ಮೇಲೆ ಕುತ್ತಿಗೆಗೆ ಬರುತ್ತದೆ.

ಕರಾವಳಿಯಿಂದ ದೂರ, ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಂಥ ಕಡೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮಂಥ ಕೆಲವೇ ಮನೆಗಳಿಗೆ ಇದು ಇನ್ನೂ ಕಷ್ಟ. ದೊಡ್ಡ ಆಸ್ಪತ್ರೆ ಎಂದರೆ ನಮಗೆ ಬಳ್ಳಾರಿ. ಜಿಲ್ಲಾ ಕೇಂದ್ರ ಚಿತ್ರದುರ್ಗ ಅದಕ್ಕಿಂತ ದೂರ. ಮಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಮನೆ ಇಲ್ಲಿ, ಅಂಗಡಿ ಇಲ್ಲಿ, ರೇಷನ್ ಕಾರ್ಡು ಮಾತ್ರ ತಾಯಿಮನೆಯ ಊರಿನಲ್ಲಿ ಎಂಬಂಥ ಸ್ಥಿತಿ. ಕರಾವಳಿಯಲ್ಲಾದರೆ ಕೇಳಲು ಜಮಾಅತ್ ಇದೆ, ಯುವಕರ ಸಂಘ ಇದೆ, ಆಂಬುಲೆನ್ಸ್ ಇದೆ. ಇಲ್ಲಿ ಕಾಗದವೊಂದೇ ಆಸರೆ.

ಈಗ ತಲಪಾಡಿಯನ್ನು ದಾಟಿ ನೋಡೋಣ. ಗಡಿಯ ಆಚೆ ಮಂಜೇಶ್ವರದಲ್ಲೂ ಬ್ಯಾರಿ ಭಾಷೆಯೇ, ಈಚೆ ಉಳ್ಳಾಲದಲ್ಲೂ ಬ್ಯಾರಿ ಭಾಷೆಯೇ. ಎರಡೂ ಕಡೆಯವರು ಒಂದೇ ರೂಮಿನಲ್ಲಿ ಮೇಲೆ ಕೆಳಗೆ ಮಂಚದಲ್ಲಿ ಮಲಗಿ ದುಡಿದವರು. ಆದರೆ ಕೇರಳ 2008ರಲ್ಲಿ ಅನಿವಾಸಿ ಕೇರಳೀಯರ ಕ್ಷೇಮಕ್ಕೆ ಕಾಯ್ದೆ ಮಾಡಿ ಪ್ರವಾಸಿ ಕ್ಷೇಮ ಮಂಡಳಿ ಕಟ್ಟಿತು. 60 ವರ್ಷದೊಳಗೆ ಸದಸ್ಯರಾಗಿ, ವಿದೇಶದಲ್ಲಿರುವಾಗ ತಿಂಗಳಿಗೆ 350 ರೂಪಾಯಿ, ಊರಿಗೆ ಮರಳಿದವರು 200 ರೂಪಾಯಿ ವಂತಿಗೆ ಕಟ್ಟುತ್ತಾರೆ. ಕನಿಷ್ಠ ಐದು ವರ್ಷ ಕಟ್ಟಿದವರಿಗೆ 60ರ ನಂತರ ಪಿಂಚಣಿ: ವಿದೇಶದಲ್ಲಿದ್ದು ಕಟ್ಟಿದವರಿಗೆ ಕನಿಷ್ಠ 3,500, ಮರಳಿ ಬಂದ ಮೇಲೆ ಸೇರಿದವರಿಗೆ 3,000. ನೋರ್ಕಾದ ಸಾಂತ್ವನ ಯೋಜನೆಯಲ್ಲಿ ಮರಳಿ ಬಂದ ಬಡವರಿಗೆ ಚಿಕಿತ್ಸೆಗೆ 50 ಸಾವಿರದವರೆಗೆ ನೆರವೂ ಇದೆ. ಮಂಜೇಶ್ವರದವರಿಗೆ ಇದು ಸಿಗುತ್ತದೆ. ಅದೇ ರೂಮಿನ ಉಳ್ಳಾಲದವರಿಗೆ, ಬಂಟ್ವಾಳದವರಿಗೆ, ರಾಂಪುರದವರಿಗೆ ಇಲ್ಲ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಆದರೆ ವಂತಿಗೆ ಕಟ್ಟಿ ಪಿಂಚಣಿ ಪಡೆಯುವ ಕಾನೂನುಬದ್ಧ ಮಂಡಳಿ ಇಲ್ಲ.

ನಾವು ಕೇಳಬೇಕಾದದ್ದು ಇದನ್ನೇ. ಚುನಾವಣೆ ಬಂದಾಗ ಅಭ್ಯರ್ಥಿಗಳು ನಮ್ಮ ಮೊಹಲ್ಲಾಗಳಿಗೆ ಬರುತ್ತಾರೆ. ರಸ್ತೆ, ಕಬರಸ್ಥಾನದ ಕಂಪೌಂಡು, ಸಭಾಂಗಣ ಕೇಳುತ್ತೇವೆ. ಇನ್ನು ಮುಂದೆ ಮರಳಿ ಬಂದವರಿಗೆ ಒಂದು ಮಂಡಳಿ ಕೇಳೋಣ. ಇದು ಬ್ಯಾರಿಗಳಿಗೆ ಮಾತ್ರದ ಬೇಡಿಕೆಯೂ ಅಲ್ಲ. ಕರಾವಳಿಯ ಬಿಲ್ಲವರು, ಬಂಟರು, ಕ್ರೈಸ್ತರು, ಭಟ್ಕಳದವರು, ಉತ್ತರ ಕರ್ನಾಟಕದಿಂದ ಹೋದ ಕಟ್ಟಡ ಕೆಲಸದವರು ಎಲ್ಲರೂ ಇದೇ ದೋಣಿಯಲ್ಲಿದ್ದಾರೆ. ಎಲ್ಲರೂ ಸೇರಿ ಕೇಳಿದರೆ ಸರ್ಕಾರಕ್ಕೂ ಕಿವಿಗೆ ಹಾಕಿಕೊಳ್ಳದೆ ಬೇರೆ ದಾರಿ ಇರದು.

"ಗಲ್ಫ್‌ನವರಿಗೆ ಸರ್ಕಾರದ ದುಡ್ಡು ಯಾಕೆ, ಅವರೇ ಶ್ರೀಮಂತರಲ್ಲವೇ" ಎನ್ನುವವರಿಗೆ ಉತ್ತರ ಸುಲಭ. ವಂತಿಗೆ ಅವರೇ ಕಟ್ಟುತ್ತಾರೆ. ದುಡಿಯುವಾಗ ತಿಂಗಳಿಗೆ 350 ರೂಪಾಯಿ ಕೊಡುವುದು ಯಾರಿಗೂ ಭಾರವಲ್ಲ. ಆದರೆ ಅದನ್ನು ಕಟ್ಟಲು ಒಂದು ಕಿಟಕಿ ಬೇಕು, ಆ ಕಿಟಕಿಯನ್ನು ಸರ್ಕಾರವೇ ತೆರೆಯಬೇಕು.

"ಝಕಾತ್ ಇದೆಯಲ್ಲ, ಜಮಾಅತ್ ನೋಡಿಕೊಳ್ಳುತ್ತದಲ್ಲ" ಎನ್ನುವವರೂ ಇದ್ದಾರೆ. ನೋಡಿಕೊಳ್ಳುತ್ತದೆ, ಅಲ್‌ಹಮ್ದುಲಿಲ್ಲಾಹ್. ನಮ್ಮ ಸಂಘಟನೆಗಳು ರೋಗಿಗಳಿಗೆ ಮಾಡಿದ ಸೇವೆ ಸಣ್ಣದಲ್ಲ. ಆದರೆ ಮೂವತ್ತು ವರ್ಷ ಝಕಾತ್ ಕೊಟ್ಟ ಮನುಷ್ಯ ಅರವತ್ತೈದರಲ್ಲಿ ಅದೇ ಝಕಾತ್‌ಗೆ ಅರ್ಜಿ ಬರೆಯುವುದು ಅವನಿಗೂ ನೋವು, ನಮಗೂ ನೋವು. ವಾಟ್ಸ್‌ಆ್ಯಪ್‌ನಲ್ಲಿ ಅವನ ಫೋಟೊ, ಆಸ್ಪತ್ರೆಯ ಬಿಲ್ಲು, ಗೂಗಲ್ ಪೇ ನಂಬರು ಓಡಾಡುವಂತಾಗಬಾರದು.

ಇನ್ಶೂರೆನ್ಸ್ ಹಲಾಲೋ ಹರಾಮೋ ಎಂಬ ಅಳುಕು ಅನೇಕ ಮನೆಗಳಲ್ಲಿದೆ. ಇದಕ್ಕೆ ಉಲಮಾಗಳು ಸ್ಪಷ್ಟ ಮಾರ್ಗದರ್ಶನ ಕೊಡಬೇಕು, ಜುಮಾ ಖುತ್ಬಾದ ಹೊತ್ತಿಗಾದರೂ ಹೇಳಬೇಕು. ಉತ್ತರ ಸಿಗದೆ ಹತ್ತು ವರ್ಷ ಕಳೆಯುವುದು, ಆಮೇಲೆ ಸಕ್ಕರೆ ಕಾಯಿಲೆ, ಬಿಪಿ ಅಂಟಿಕೊಂಡ ಮೇಲೆ ಪಾಲಿಸಿ ಕೇಳಲು ಹೋಗುವುದು ಎರಡೂ ಕಷ್ಟ. ಮೊದಲೇ ಇದ್ದ ಕಾಯಿಲೆಗೆ ಈಗಿನ ನಿಯಮದಂತೆ ವಿಮಾ ಕಂಪೆನಿ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ಒಪ್ಪುವವರು ಊರಿಗೆ ಬಂದ ಮೇಲೆ ಅಲ್ಲ, ಬರುವ ಮೂರು ನಾಲ್ಕು ವರ್ಷ ಮೊದಲೇ, ಅಲ್ಲಿ ಕಂಪೆನಿಯ ವಿಮೆ ಇರುವಾಗಲೇ ಊರಿನಲ್ಲಿ ಪಾಲಿಸಿ ಶುರು ಮಾಡಿದರೆ ಕಾಯುವ ಅವಧಿ ಅಲ್ಲೇ ಕಳೆದುಹೋಗುತ್ತದೆ.

ಮಂಡಳಿ ಬರುವವರೆಗೆ ನಮ್ಮ ಕೈಯಲ್ಲಿ ಆಗುವುದೂ ಇದೆ. ರಜೆಯಲ್ಲಿ ಬಂದವರ ಆಧಾರ್ ಸರಿಪಡಿಸಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಂದ ಕೂಡಲೇ ಅರ್ಜಿ ಹಾಕಬಹುದು, 182 ದಿನ ಕಾಯಬೇಕಾಗಿಲ್ಲ. ವಾಸ ಎಲ್ಲಿಯೋ ರೇಷನ್ ಕಾರ್ಡೂ ಅಲ್ಲಿಗೇ ಬರಲಿ. ಕೆಲಸ ಬಿಡುವ ಮೊದಲು ಅಲ್ಲಿನ ವಿಮೆಯಲ್ಲಿ ಪೂರ್ತಿ ತಪಾಸಣೆ ಮಾಡಿಸಿ, ವರದಿಗಳನ್ನು ಜೊತೆಗೆ ತನ್ನಿ. ಸರ್ವಿಸ್ ಹಣ ಪೂರ್ತಿ ಮನೆಯ ಮೇಲಂತಸ್ತಿಗೆ ಹೋಗದಿರಲಿ. ಒಂದು ಪಾಲು ಉಮ್ಮ, ಬಾಪರ ಔಷಧಿಗೆಂದು ಮುಟ್ಟದೆ ಇಡಿ. ಪ್ರತಿ ಜಮಾಅತ್ ಕಮಿಟಿ ತನ್ನ ವ್ಯಾಪ್ತಿಯಲ್ಲಿ ಕ್ಯಾನ್ಸಲ್ ಮಾಡಿ ಬಂದ ಹಿರಿಯರ ಒಂದು ಪಟ್ಟಿ ಮಾಡಲಿ: ಯಾರಿಗೆ ಆರೋಗ್ಯ ಕಾರ್ಡಿದೆ, ಯಾರಿಗಿಲ್ಲ. ನಮ್ಮಂತೆ ಘಟ್ಟದ ಮೇಲೆ ಚದುರಿಹೋದ ಮನೆಗಳನ್ನೂ ತಾಯಿ ಜಮಾಅತ್‌ನವರು ಆ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ. ಮಂಡಳಿ ಕೇಳಲು ಬೆಂಗಳೂರಿಗೆ ಹೋಗುವ ದಿನ ನಮ್ಮ ಕೈಯಲ್ಲಿರಬೇಕಾದ ಮೊದಲ ದಾಖಲೆ ಅದೇ.